ಕತ್ತಲಲ್ಲಿ ಮೊಳೆತ ಕಾಳಿನ ತೂಕ

ಕೆಲವು ತಿಂಗಳ ಹಿಂದೆ ಒಂದು ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನವನ್ನು ನೋಡಿಬರುವ ಅವಕಾಶ ನಮಗೆ ಒದಗಿತ್ತು. ಜ್ವಾಲಾಮುಖಿಗಳೂ, ಗಾಳಿಯಂತ್ರಗಳೂ, ಮಿನುಗುವ ದೀಪಗಳೂ ತುಂಬಿದ್ದ ಆ ಹಜಾರದ ಒಂದು ಮೂಲೆಯಲ್ಲಿ, ಯಾರೂ ನಿಂತು ನೋಡದೆ ಮುಂದೆ ಸಾಗುತ್ತಿದ್ದ ಒಂದು ಪುಟ್ಟ ಮೇಜಿತ್ತು. ಅದರ ಮೇಲೆ ಎರಡು ಬಟ್ಟಲು, ಎರಡರಲ್ಲಿಯೂ ಮೊಳೆತ ಹೆಸರುಕಾಳು. ಒಂದರ ಮುಂದೆ ‘ಬೆಳಕು’ ಎಂದೂ ಇನ್ನೊಂದರ ಮುಂದೆ ‘ಕತ್ತಲು’ ಎಂದೂ ಚೀಟಿ ಅಂಟಿಸಿತ್ತು. ಹಿಂದಿನ ಗೋಡೆಗೆ ತೂಗುಹಾಕಿದ್ದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹೀಗೆ ಬರೆದಿತ್ತು: ‘ಬೆಳಕಿನಲ್ಲಿ ಮೊಳೆತ ಕಾಳುಗಳ ತೂಕ ಹೆಚ್ಚು, ಕತ್ತಲಿನಲ್ಲಿ ಮೊಳೆತವುಗಳ ತೂಕ ಕಡಿಮೆ. ಕಾರಣ: ದ್ಯುತಿಸಂಶ್ಲೇಷಣೆ.’

ಮೇಜಿನ ಹಿಂದೆ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯನ್ನು, ‘ನೀನೇ ತೂಗಿದೆಯಾ ತಾಯಿ?’ ಎಂದು ಕೇಳಿದೆವು.

‘ಹೌದು ಸಾರ್’ ಎಂದಳು. ಸ್ವಲ್ಪ ತಡೆದು, ದನಿ ತಗ್ಗಿಸಿ, ‘ತೂಗಿದಾಗ ಕತ್ತಲಿನದೇ ಜಾಸ್ತಿ ಬಂತು ಸಾರ್. ಎಲ್ಲೋ ತಪ್ಪಾಗಿದೆ ಅಂತ ಪುಸ್ತಕದಲ್ಲಿ ಇದ್ದ ಹಾಗೆ ಬರೆದೆವು’ ಎಂದಳು.

ಹಾಗೆ ಬರೆಯಲು ಯಾರು ಹೇಳಿದರೆಂದು ನಾವು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ. ನಮ್ಮ ನಾಡಿನ ಪ್ರಯೋಗಶಾಲೆಗಳಲ್ಲಿ ಓದಿದವರೆಲ್ಲರೂ, ಈ ಸಾಲುಗಳನ್ನು ಬರೆಯುತ್ತಿರುವ ನಾವೂ ಸೇರಿದಂತೆ, ಎಂದಾದರೂ ಒಮ್ಮೆ ಇದೇ ಕೆಲಸವನ್ನು ಮಾಡಿದವರೇ. ಉತ್ತರವನ್ನು ಮೊದಲು ಬರೆದು, ಅದಕ್ಕೆ ಹೊಂದುವ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕಹಾಕಿ ತುಂಬುವ ವಿದ್ಯೆಯನ್ನು ಯಾರೂ ಕಲಿಸದೆಯೇ ನಾವು ಕಲಿತುಕೊಳ್ಳುತ್ತೇವೆ. ಆದರೆ ಈ ಸಂದರ್ಭದಲ್ಲಿ ವಿಶೇಷವೇನೆಂದರೆ, ಆ ಹುಡುಗಿಯ ತಕ್ಕಡಿ ಸುಳ್ಳು ಹೇಳಿರಲಿಲ್ಲ. ಪಠ್ಯಪುಸ್ತಕವೂ ಸುಳ್ಳು ಹೇಳಿರಲಿಲ್ಲ. ಇವೆರಡರ ನಡುವೆ ಸುಳ್ಳಾದದ್ದು ಗೋಡೆಯ ಮೇಲಿನ ಹಾಳೆಯೊಂದೇ. ಇದು ಹೇಗೆಂಬುದನ್ನು ವಿಚಾರಿಸಿದರೆ, ಮೊಳೆಯುವ ಬೀಜದ ಜೀವನದ ಬಗ್ಗೆ ಆ ಹಾಳೆ ಹೇಳಬಹುದಾಗಿದ್ದುದಕ್ಕಿಂತ ಎಷ್ಟೋ ಹೆಚ್ಚಿನ ಸಂಗತಿಗಳು ತಿಳಿಯುತ್ತವೆ.

ಮೊದಲು ನೀರಿನ ವಿಷಯ. ರಾತ್ರಿ ನೆನೆಹಾಕಿದ ಹೆಸರುಕಾಳು ಬೆಳಗಾಗುವ ಹೊತ್ತಿಗೆ ಉಬ್ಬಿ, ತೂಕದಲ್ಲಿ ಸುಮಾರು ಇಮ್ಮಡಿಯಾಗಿರುತ್ತದೆಂಬುದು ಅಡುಗೆಮನೆಯಲ್ಲಿ ಕಾಲಿಟ್ಟವರಿಗೆಲ್ಲ ಗೊತ್ತು. ಇದರಲ್ಲಿ ಜೀವದ ಪಾತ್ರವೇನೂ ಇಲ್ಲ. ಹುರಿದು ಕೊಂದ ಕಾಳೂ ನೀರನ್ನು ಹೀರಿ ಉಬ್ಬುತ್ತದೆ. ಒಣಗಿದ ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದೂ ಇದೇ ಜಾತಿಯ ಕ್ರಿಯೆ. ಮೊಳಕೆ ಹೊರಟ ಬಳಿಕ ಜೀವಕೋಶಗಳು ನೀರನ್ನು ತುಂಬಿಕೊಂಡು ನೀಳವಾಗುತ್ತ ಹೋಗುವುದರಿಂದ ತೂಕ ಇನ್ನಷ್ಟು ಏರಿ, ಒಂದು ವಾರದಲ್ಲಿ ಮೂಲದ ಹಲವು ಪಟ್ಟು ಆಗಬಹುದು. ಪೇಟೆಯಲ್ಲಿ ಮೊಳಕೆಕಾಳು ಮಾರುವವರ ಲಾಭ ಅಡಗಿರುವುದು ಬಹುಮಟ್ಟಿಗೆ ಈ ನೀರಿನಲ್ಲಿಯೇ.

ಈಗ ಕತ್ತಲಿನ ಬಟ್ಟಲನ್ನು ಗಮನಿಸೋಣ. ಬೆಳಕಿಲ್ಲದೆಡೆಯಲ್ಲಿ ಹುಟ್ಟಿದ ಸಸಿಯು ತಾನಿನ್ನೂ ಮಣ್ಣಿನೊಳಗೇ ಇರುವೆನೆಂಬಂತೆ ವರ್ತಿಸುತ್ತದೆ. ತಲೆಯನ್ನು ಕೊಕ್ಕೆಯಂತೆ ಬಾಗಿಸಿಕೊಂಡು, ಎಲೆಗಳನ್ನು ಮಡಿಸಿಟ್ಟು, ಕಾಂಡವನ್ನು ಮಾತ್ರ ಸರಸರನೆ ಉದ್ದಕ್ಕೆ ಚಾಚುತ್ತದೆ. ಆ ಉದ್ದವೆಲ್ಲ ನೀರು ತುಂಬಿದ, ತೆಳುಗೋಡೆಯ ಕೋಶಗಳಿಂದಾದದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಯ ಕಾಲಕ್ಕೆ ಘಟಸ್ಥಾಪನೆ ಮಾಡಿ, ದೇವರಮನೆಯ ಮಬ್ಬಿನಲ್ಲಿ ಬೆಳೆಸುವ ಧಾನ್ಯದ ಸಸಿಗಳನ್ನು ನೋಡಿದವರಿಗೆ ಆ ಎಳೆಹಳದಿಯ ಬಣ್ಣವೂ ಆ ಬಳುಕುವ ಉದ್ದವೂ ಪರಿಚಿತವೇ ಆಗಿರುತ್ತವೆ. ಬೆಳಕಿನಲ್ಲಿರುವ ಸಸಿಯಾದರೋ ಗಿಡ್ಡಗೆ, ಗಟ್ಟಿಯಾಗಿ ಬೆಳೆಯುತ್ತದೆ. ಅದಲ್ಲದೆ ಕಿಟಕಿಯ ಬಳಿಯ ಬಿಸಿಲು ಮತ್ತು ಗಾಳಿಗೆ ಅದರ ನೀರು ಆರಿಹೋಗುವುದೂ ಹೆಚ್ಚು. ಬೀರುವಿನೊಳಗೆ ಮುಚ್ಚಿಟ್ಟ ಬಟ್ಟಲಿನ ನೀರು ಅಲ್ಲಿಯೇ ಉಳಿಯುತ್ತದೆ. ಹೀಗಿರುವಾಗ, ಹಸಿಯಾಗಿಯೇ ತೂಗಿದರೆ ಕತ್ತಲಿನ ಕಾಳು ಹೆಚ್ಚು ಭಾರವಾಗಿ ಕಂಡದ್ದರಲ್ಲಿ ಆಶ್ಚರ್ಯವೇನು? ಆ ಹುಡುಗಿ ತೂಗಿದ್ದು ಸಸಿಯನ್ನಲ್ಲ, ನೀರನ್ನು. ತೂಗಿದ್ದನ್ನು ಮಾತ್ರ ಸರಿಯಾಗಿಯೇ ತೂಗಿದ್ದಳು.

ಪಠ್ಯಪುಸ್ತಕದ ಮಾತು ಒಣತೂಕಕ್ಕೆ, ಅಂದರೆ ನೀರನ್ನೆಲ್ಲ ಆರಿಸಿದ ಮೇಲೆ ಉಳಿಯುವ ಪದಾರ್ಥದ ತೂಕಕ್ಕೆ ಸಂಬಂಧಿಸಿದ್ದು. ಆದರೆ ಈ ಒಣತೂಕವನ್ನು ಅಳೆಯುವುದು ಮೇಲುನೋಟಕ್ಕೆ ತೋರುವಷ್ಟು ಸುಲಭವಲ್ಲ. ಪ್ರಯೋಗಶಾಲೆಗಳಲ್ಲಿ ಸುಮಾರು 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯೊಳಗಿಟ್ಟು, ಮತ್ತೆ ಮತ್ತೆ ತೂಗಿ, ತೂಕ ಇನ್ನು ಇಳಿಯದೆ ಒಂದೇ ಅಂಕಿಯಲ್ಲಿ ನಿಲ್ಲುವ ತನಕ ಒಣಗಿಸುತ್ತಾರೆ. ಹಾಗೆ ಒಣಗಿಸಿದ ಕಾಳು ಸತ್ತಿರುತ್ತದೆ. ಅದನ್ನು ಮತ್ತೆ ಮೊಳೆಸುವಂತಿಲ್ಲ. ಹಾಗಾದರೆ ಮೊಳೆಯುವುದಕ್ಕೆ ಮುಂಚೆ ಅದರ ಒಣತೂಕ ಎಷ್ಟಿತ್ತೆಂದು ತಿಳಿಯುವುದು ಹೇಗೆ? ಅಂಗಡಿಯಿಂದ ತಂದ, ಒಣಗಿದಂತೆಯೇ ಕಾಣುವ ಕಾಳಿನಲ್ಲಿಯೂ ನೂರಕ್ಕೆ ಸುಮಾರು ಹತ್ತು ಭಾಗ ನೀರು ಇರುತ್ತದೆಂಬುದನ್ನು ಮರೆಯಬಾರದು.

ಇದಕ್ಕಿರುವ ಉಪಾಯ ಬಹು ಸರಳವಾದುದು; ವಿದ್ಯಾರ್ಥಿಗಳು ತಾವಾಗಿ ಹೊಳೆಯಿಸಿಕೊಂಡರೆ ಸಂತೋಷ ಕೊಡುವಂಥದು. ಒಂದೇ ಚೀಲದ ಕಾಳನ್ನು ಚೆನ್ನಾಗಿ ಕಲಸಿ ಸಮತೂಕದ ಮೂರು ಪಾಲು ಮಾಡಬೇಕು. ಒಂದು ಪಾಲನ್ನು ಮೊಳೆಸದೆ ಆಗಲೇ ಒಣಗಿಸಿ ತೂಗಬೇಕು. ಎರಡನೆಯದನ್ನು ಕತ್ತಲಿನಲ್ಲಿಯೂ ಮೂರನೆಯದನ್ನು ಬೆಳಕಿನಲ್ಲಿಯೂ ಬೆಳೆಸಿ, ಅನಂತರ ಒಣಗಿಸಿ ತೂಗಬೇಕು. ಮೊದಲನೆಯ ಪಾಲು ತನ್ನ ಸೋದರರ ಪರವಾಗಿ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿ ನಂಬತಕ್ಕದ್ದಾಗಬೇಕಾದರೆ ಕಾಳುಗಳ ಸಂಖ್ಯೆ ಹೆಚ್ಚಿರಬೇಕು. ಐದು ಕಾಳುಗಳಲ್ಲಿ ಒಂದು ಜೊಳ್ಳಾಗಿದ್ದರೆ ಲೆಕ್ಕ ಕೆಡುತ್ತದೆ. ಇನ್ನೂರರಲ್ಲಿ ಒಂದು ಜೊಳ್ಳಾದರೆ ಅಷ್ಟು ಬಾಧಕವಿಲ್ಲ. ನೂರು ಹೆಸರುಕಾಳುಗಳ ತೂಕ ಮೂರು ನಾಲ್ಕು ಗ್ರಾಂ ಮಾತ್ರವಾದುದರಿಂದ, ಶಾಲೆಯ ಸಾಮಾನ್ಯ ತಕ್ಕಡಿಗೆ ಕಾಣುವಷ್ಟು ವ್ಯತ್ಯಾಸ ಸಿಗಬೇಕಾದರೂ ಕಾಳು ಧಾರಾಳವಾಗಿ ಬೇಕು.

ಲೆಕ್ಕದ ಅನುಕೂಲಕ್ಕೆಂದು ಹೀಗೆ ಭಾವಿಸೋಣ. ಪ್ರತಿಯೊಂದು ಪಾಲೂ 10 ಗ್ರಾಂ; ಅದರಲ್ಲಿ 9 ಗ್ರಾಂ ಒಣಪದಾರ್ಥ, 1 ಗ್ರಾಂ ನೀರು. ಕತ್ತಲಿನಲ್ಲಿ ಒಂದು ವಾರ ಬೆಳೆದ ಮೇಲೆ ಹಸಿತೂಕ 50 ಗ್ರಾಂ. ಒಣಗಿಸಿ ನೋಡಿದರೆ ಏಳೂವರೆ. ಹಾಗಾದರೆ ಸಸಿಗಳು ಐದುಪಟ್ಟು ಭಾರವಾದುವೆನ್ನಬೇಕೆ, ಆರರಲ್ಲೊಂದು ಪಾಲು ಕರಗಿಹೋದುವೆನ್ನಬೇಕೆ? ಎರಡೂ ನಿಜ. ‘ತೂಕ’ ಎಂಬ ಒಂದೇ ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿದ್ದುವು. ನಾವು ಅವನ್ನು ಬೇರ್ಪಡಿಸಿರಲಿಲ್ಲ, ಅಷ್ಟೆ.

ಕಳೆದುಹೋದ ಆ ಒಂದೂವರೆ ಗ್ರಾಂ ಎಲ್ಲಿಗೆ ಹೋಯಿತು? ಗಾಳಿಗೆ. ಬೀಜದಲ್ಲಿ ತಾಯಿಗಿಡವು ಕೂಡಿಟ್ಟ ಪಿಷ್ಟ, ಪ್ರೋಟೀನು, ಎಣ್ಣೆಗಳಿರುತ್ತವೆ. ನೀರು ಸಿಕ್ಕಿದೊಡನೆ ಕಿಣ್ವಗಳು ಎಚ್ಚತ್ತು, ಪಿಷ್ಟವನ್ನು ಶರ್ಕರವನ್ನಾಗಿ ಒಡೆಯುತ್ತವೆ. ಈ ಶರ್ಕರದಲ್ಲಿ ಒಂದು ಭಾಗ ಹೊಸ ಅಂಗಗಳ ನಿರ್ಮಾಣಕ್ಕೆ ಸಲ್ಲುತ್ತದೆ. ಇನ್ನೊಂದು ಭಾಗ ಆ ನಿರ್ಮಾಣಕ್ಕೆ ಬೇಕಾದ ಶಕ್ತಿಗಾಗಿ ಉಸಿರಾಟದಲ್ಲಿ ಉರಿದುಹೋಗುತ್ತದೆ. 180 ಗ್ರಾಂ ಗ್ಲೂಕೋಸು 192 ಗ್ರಾಂ ಆಮ್ಲಜನಕದೊಡನೆ ಸೇರಿ ಉರಿದರೆ 264 ಗ್ರಾಂ ಇಂಗಾಲದ ಡೈಆಕ್ಸೈಡೂ 108 ಗ್ರಾಂ ನೀರೂ ಹುಟ್ಟುತ್ತವೆ. ಇಂಗಾಲದ ಡೈಆಕ್ಸೈಡು ಗಾಳಿಯಲ್ಲಿ ಬೆರೆತುಹೋಗುತ್ತದೆ. ನೀರನ್ನು ನಾವು ಒಲೆಯಲ್ಲಿ ಆರಿಸಿಬಿಡುತ್ತೇವೆ. ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟ ಮೊಳಕೆಕಾಳಿನ ಗಂಟಿನ ನಡುವೆ ಬೆರಳು ತೂರಿಸಿದರೆ ಬೆಚ್ಚಗಿರುವುದು ಈ ಉರಿಯಿಂದಲೇ. ಮಗುವಿಗಾಗಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿಸುವ ತಾಯಂದಿರು ನೆನೆಹಾಕಿದ ರಾಗಿಗೂ ಒಣಗಿಸಿದ ರಾಗಿಗೂ ತೂಕ ಹೋಲಿಸಿ ನೋಡಿದರೆ, ನಮ್ಮ ಮಾತಿಗೆ ಸಾಕ್ಷಿ ಅವರ ಮನೆಯಲ್ಲಿಯೇ ದೊರೆಯುತ್ತದೆ.

ಇಲ್ಲಿಯ ತನಕ ನಾವು ಹೇಳಿದ್ದು ಎರಡು ಬಟ್ಟಲುಗಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಬೆಳಕಿನ ಬಟ್ಟಲಿನ ಕಾಳೂ ಉಸಿರಾಡುತ್ತದೆ. ಅದರ ಒಣತೂಕವೂ ಮೊದಮೊದಲು ಇಳಿಯುತ್ತಲೇ ಹೋಗುತ್ತದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಇದೇ. ಬೆಳಕು ಬಿದ್ದ ಕೂಡಲೇ ತೂಕ ಏರುವುದಿಲ್ಲ. ಬೆಳಕಿನ ಮೊದಲ ಕೆಲಸ ಅಪ್ಪಣೆ ಕೊಡುವುದು: ಕೊಕ್ಕೆ ಬಿಚ್ಚಲಿ, ಕಾಂಡದ ಓಟ ನಿಲ್ಲಲಿ, ಎಲೆ ಹರಡಲಿ, ಪತ್ರಹರಿತ್ತು ತಯಾರಾಗಲಿ ಎಂದು. ನಮ್ಮ ಕಾಳುಗಿಡಗಳಲ್ಲಿ ಪತ್ರಹರಿತ್ತಿನ ತಯಾರಿಕೆಯ ಕೊನೆಯ ಹೆಜ್ಜೆಗಳಲ್ಲಿ ಒಂದಕ್ಕೆ ಬೆಳಕೇ ಬೇಕು. ದೇವರಮನೆಯ ಸಸಿಗಳು ಹಳದಿಯಾಗಿಯೇ ಉಳಿಯುವುದು ಇದರಿಂದ. ಎಲೆ ಹಸುರಾಗಿ ಹರಡಿದ ಮೇಲೆ ದ್ಯುತಿಸಂಶ್ಲೇಷಣೆ ಆರಂಭವಾಗುತ್ತದೆ. ಆಗಲೂ ಮೊದಲಿಗೆ ಗಳಿಕೆ ಖರ್ಚಿಗಿಂತ ಕಡಿಮೆ. ಒಂದು ಹಂತದಲ್ಲಿ ಎರಡೂ ಸರಿದೂಗುತ್ತವೆ. ಅದನ್ನು ದಾಟಿದ ಮೇಲೆ ಒಣತೂಕ ಏರತೊಡಗಿ, ಒಂದು ದಿನ ಮೂಲ ಬೀಜದ ತೂಕವನ್ನು ಹಿಂದಿಕ್ಕುತ್ತದೆ. ಇಷ್ಟಕ್ಕೆಲ್ಲ ಒಳ್ಳೆಯ ಬೆಳಕೂ ಬೇಕು, ವಾರಗಳ ಕಾಲವೂ ಬೇಕು. ತರಗತಿಯ ಕಪಾಟಿನ ಮೇಲೆ ನಾಲ್ಕು ದಿನವಿಟ್ಟ ಹೆಸರುಕಾಳು ಯಾವ ಬಟ್ಟಲಿನಲ್ಲಿದ್ದರೂ ಒಣತೂಕದಲ್ಲಿ ನಷ್ಟವನ್ನೇ ತೋರಿಸುತ್ತದೆ. ಎರಡರ ನಡುವಣ ವ್ಯತ್ಯಾಸ ಶಾಲೆಯ ತಕ್ಕಡಿಗೆ ಸಿಕ್ಕುವಷ್ಟೂ ಇರಲಾರದು.

ಬೆಳಕಿನಲ್ಲಿ ಏರುವ ಆ ತೂಕ ಬರುವುದೆಲ್ಲಿಂದ? ಕೆಲವು ವಿದ್ಯಾರ್ಥಿಗಳು ಬೆಳಕೇ ಸಸಿಯೊಳಗೆ ಸೇರಿ ತೂಕವಾಗುತ್ತದೆಂದು ತಿಳಿಯುತ್ತಾರೆ. ಇದನ್ನು ಕೇಳಿ ನಗುವ ಅಗತ್ಯವಿಲ್ಲ; ಶಕ್ತಿಗೂ ದ್ರವ್ಯರಾಶಿಗೂ ಇರುವ ಸಂಬಂಧವನ್ನು ಐನ್‌ಸ್ಟೈನರು 1905ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿದರೆ, ಒಂದು ಗ್ರಾಂ ಶರ್ಕರದಲ್ಲಿ ಸೆರೆಯಾದ ಬೆಳಕಿನ ಶಕ್ತಿಗೆ ಸಲ್ಲುವ ತೂಕ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅದನ್ನು ಹಿಡಿಯುವ ತಕ್ಕಡಿ ಯಾವ ಶಾಲೆಯಲ್ಲಿಯೂ ಇಲ್ಲ. ಸಸಿಯ ತೂಕ ಬರುವುದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲೂ ನೀರಿನಿಂದಲೂ. ಮೇಲೆ ಹೇಳಿದ ಉಸಿರಾಟದ ಲೆಕ್ಕವನ್ನು ಬಲದಿಂದ ಎಡಕ್ಕೆ ಓದಿದರೆ ಸಾಕು. ಆ ಅನಿಲವಾದರೂ ಗಾಳಿಯಲ್ಲಿ ಎಷ್ಟು ವಿರಳ! ಉದ್ದ, ಅಗಲ, ಎತ್ತರ ಒಂದೊಂದು ಮೀಟರು ಇರುವ ಪೆಟ್ಟಿಗೆಯೊಂದರ ಗಾಳಿಯಲ್ಲಿ ಅದು ಇರುವುದು ಮುಕ್ಕಾಲು ಗ್ರಾಮಿನಷ್ಟು ಮಾತ್ರ. ಒಂದು ಗ್ರಾಂ ಗ್ಲೂಕೋಸನ್ನು ಕಟ್ಟಬೇಕಾದರೆ ಸಸಿಯು ಇಂಥ ಎರಡು ಪೆಟ್ಟಿಗೆಗಳಲ್ಲಿರುವಷ್ಟು ಇಂಗಾಲದ ಡೈಆಕ್ಸೈಡನ್ನೆಲ್ಲ ಹೆಕ್ಕಿ ತೆಗೆಯಬೇಕಾಗುತ್ತದೆ. ಇದನ್ನು ಯೋಚಿಸಿದಾಗ ಬಾಗಿಲ ಮುಂದಿನ ಹೊಂಗೆಯ ಮರವನ್ನು ನೋಡುವ ನಮ್ಮ ದೃಷ್ಟಿಯೇ ಬೇರೆಯಾಗುತ್ತದೆ.

ಈ ವಿಷಯ ಮನುಷ್ಯರಿಗೆ ತಿಳಿದುಬಂದ ಬಗೆಯೂ ನಮ್ಮ ವಾದಕ್ಕೆ ಬೇಕಾದದ್ದೇ. ಹದಿನೇಳನೆಯ ಶತಮಾನದಲ್ಲಿ ಬೆಲ್ಜಿಯಂ ನಾಡಿನ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಒಲೆಯಲ್ಲಿ ಒಣಗಿಸಿದ 200 ಪೌಂಡು ಮಣ್ಣಿನಲ್ಲಿ 5 ಪೌಂಡು ತೂಕದ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿ ಬೆಳೆಸಿದನು. ಕೊನೆಗೆ ಮರ ತೂಗಿದ್ದು 169 ಪೌಂಡು ಚಿಲ್ಲರೆ. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು ಎರಡು ಔನ್ಸು. ಮರವೆಲ್ಲ ನೀರಿನಿಂದಲೇ ಆದುದೆಂದು ಅವನು ತೀರ್ಮಾನಿಸಿದನು. ತೀರ್ಮಾನ ತಪ್ಪು. ‘ಗ್ಯಾಸ್’ ಎಂಬ ಮಾತನ್ನು ಟಂಕಿಸಿದವನೇ ಅವನು. ಇದ್ದಿಲು ಉರಿದಾಗ ಹೊರಡುವ ಅನಿಲವನ್ನು ಗುರುತಿಸಿದವನೂ ಅವನೇ. ಆದರೂ ತನ್ನ ಮರವನ್ನು ಕಟ್ಟಿದ್ದು ಅದೇ ಅನಿಲವೆಂಬುದು ಅವನಿಗೆ ಹೊಳೆಯಲಿಲ್ಲ. ಹಾಗಿದ್ದರೂ, ಅವನು ಸತ್ತ ನಾಲ್ಕು ವರ್ಷಕ್ಕೆ, 1648ರಲ್ಲಿ, ಪ್ರಕಟವಾದ ಅವನ ಬರಹ ಇಂದಿಗೂ ಗೌರವ ಪಡೆದಿದೆ. ಏಕೆಂದರೆ ಅವನ ಅಂಕಿಗಳು ಅವನು ಕಂಡಂತೆಯೇ ಇದ್ದುವು. ನಾಲ್ಕು ಶರತ್ಕಾಲಗಳಲ್ಲಿ ಉದುರಿದ ಎಲೆಗಳನ್ನು ತಾನು ತೂಗಲಿಲ್ಲವೆಂಬುದನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ. ತೀರ್ಮಾನವನ್ನು ಮುಂದಿನವರು ತಿದ್ದಿದರು. ತಿದ್ದಲು ಅಂಕಿಗಳು ಉಳಿದಿದ್ದುವು.

ಇಂಗ್ಲೆಂಡಿನ ಪ್ರೀಸ್ಟ್ಲಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. 1771ರಲ್ಲಿ ಅವನು, ದೀಪ ಉರಿದು ಕೆಟ್ಟ ಗಾಳಿಯೊಳಗೆ ಪುದೀನಾ ಕಡ್ಡಿಯನ್ನು ಇಟ್ಟು, ಹತ್ತು ದಿನಗಳಾದ ಮೇಲೆ ಅದೇ ಗಾಳಿಯಲ್ಲಿ ದೀಪ ಮತ್ತೆ ಉರಿಯುವುದನ್ನು ಕಂಡನು. ಆದರೆ ಅನಂತರ ಮಾಡಿದ ಪ್ರಯೋಗಗಳಲ್ಲಿ ಕೆಲವು ವೇಳೆ ಗಿಡವು ಗಾಳಿಯನ್ನು ಇನ್ನಷ್ಟು ಕೆಡಿಸಿತು. ಸ್ವೀಡನ್ನಿನ ಷೀಲೆಗೂ ಇಂಥದೇ ವಿರುದ್ಧ ಫಲ ದೊರಕಿತು. ಇವರು ತಮ್ಮ ‘ತಪ್ಪು’ ಫಲಗಳನ್ನು ಅಳಿಸಿಹಾಕಿ ಮೊದಲಿನ ಉತ್ತರವನ್ನೇ ನಕಲು ಮಾಡಿದ್ದರೆ ಏನಾಗುತ್ತಿತ್ತು? 1779ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯನು, ಗಿಡದ ಹಸುರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಿಮಾಡುತ್ತವೆ, ಕತ್ತಲಿನಲ್ಲಿ ಕೆಡಿಸುತ್ತವೆ ಎಂದು ತೋರಿಸಿಕೊಟ್ಟಾಗ ಆ ಗೊಂದಲ ಪರಿಹಾರವಾಯಿತು. ಪರಿಹರಿಸಲು ಗೊಂದಲವೊಂದು ಕಾಗದದ ಮೇಲೆ ಇರಬೇಕಾಗಿತ್ತು ಎಂಬುದನ್ನು ಗಮನಿಸಬೇಕು. ಮುಂದೆ 1804ರಲ್ಲಿ ಜಿನೀವದ ದ ಸಾಸ್ಯೂರ್, ಸಸ್ಯಕ್ಕೆ ಬಂದ ತೂಕವು ಅದು ಹೀರಿದ ಇಂಗಾಲಕ್ಕಿಂತ ಹೆಚ್ಚಾಗಿರುವುದನ್ನು ತೂಗಿ ನೋಡಿ, ನೀರೂ ಅದರಲ್ಲಿ ಪಾಲುಗೊಳ್ಳುತ್ತದೆಂದು ತಿಳಿಸಿದನು. ಅದೇ ಶತಮಾನದಲ್ಲಿ ಫ್ರಾನ್ಸಿನ ಬೂಸಿಂಗೋ ಬೀಜಗಳನ್ನೂ ಅವುಗಳಿಂದ ಕತ್ತಲಿನಲ್ಲಿ ಹುಟ್ಟಿದ ಸಸಿಗಳನ್ನೂ ಒಣಗಿಸಿ, ತೂಗಿ, ಧಾತುಗಳಾಗಿ ವಿಂಗಡಿಸಿ ನೋಡಿದನು. ಇಂಗಾಲ, ಜಲಜನಕ, ಆಮ್ಲಜನಕ ಇಳಿದಿದ್ದುವು. ಸಾರಜನಕ ಬಹುಮಟ್ಟಿಗೆ ಇದ್ದಷ್ಟೇ ಇತ್ತು. ನಮ್ಮ ಹುಡುಗಿಯ ಮೇಜಿನ ಮೇಲಿದ್ದುದು ಬೂಸಿಂಗೋವಿನ ಪ್ರಯೋಗದ ಮೊಮ್ಮಗ ಎಂದರೆ ತಪ್ಪಾಗಲಾರದು.

ಪಠ್ಯಪುಸ್ತಕದ ಇನ್ನೊಂದು ವಾಕ್ಯವೂ ಇಲ್ಲಿ ನೆನಪಿಗೆ ಬರುತ್ತದೆ: ‘ಬೀಜ ಮೊಳೆಯಲು ನೀರು, ಗಾಳಿ, ತಕ್ಕ ಶಾಖ ಬೇಕು, ಬೆಳಕು ಬೇಕಿಲ್ಲ.’ ಹೆಸರು, ಹುರುಳಿ, ಕಡಲೆಗಳಿಗೆ ಇದು ಸರಿ. ಆದರೆ ಧೂಳಿನಷ್ಟು ಸಣ್ಣದಾದ ಹೊಗೆಸೊಪ್ಪಿನ ಬೀಜಕ್ಕೆ ಇದು ಸರಿಯಲ್ಲ. ಒಂದು ಗ್ರಾಮಿಗೆ ಹತ್ತು ಸಾವಿರದಷ್ಟು ತೂಗುವ ಆ ಬೀಜಕ್ಕೆ ಮೊಳೆಯಲು ಸಾಮಾನ್ಯವಾಗಿ ಬೆಳಕು ಬೇಕಾಗುತ್ತದೆ. ಅದನ್ನು ಸಸಿಮಡಿಯಲ್ಲಿ ಆಳಕ್ಕೆ ಹೂಳದೆ ಮೇಲೆಯೇ ಚೆಲ್ಲುವ ರೂಢಿಗೆ ಇದರಿಂದ ಅರ್ಥ ದೊರಕುತ್ತದೆ. ಲೆಟ್ಯೂಸ್ ಸೊಪ್ಪಿನ ಕೆಲವು ತಳಿಗಳೂ ಹೀಗೆಯೇ. ಅಮೆರಿಕದ ಬೆಲ್ಟ್ಸ್‌ವಿಲ್ಲಿನ ಕೃಷಿ ಸಂಶೋಧನಾಲಯದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ, ನೆನೆದ ಲೆಟ್ಯೂಸ್ ಬೀಜಕ್ಕೆ ಸುಮಾರು 660 ನ್ಯಾನೋಮೀಟರು ಅಲೆಯುದ್ದದ ಕೆಂಪು ಬೆಳಕು ಬಿದ್ದರೆ ಅದು ಮೊಳೆಯುತ್ತದೆಂದೂ, ಒಡನೆಯೇ 730ರ ಸುಮಾರಿನ ದೂರಗೆಂಪು ಬೆಳಕು ಬಿದ್ದರೆ ಆ ಅಪ್ಪಣೆ ರದ್ದಾಗುತ್ತದೆಂದೂ ತೋರಿಸಿದರು. ಎರಡನ್ನೂ ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಯ ಬೆಳಕಿನ ಮಾತೇ ನಡೆಯುತ್ತದೆ. ಈ ಸಂದೇಶವನ್ನು ಓದುವ ವರ್ಣದ್ರವ್ಯವನ್ನು, ಫೈಟೋಕ್ರೋಮನ್ನು, 1959ರಲ್ಲಿ ಸಸಿಗಳಿಂದ ಬೇರ್ಪಡಿಸಲಾಯಿತು. ದಟ್ಟವಾದ ಎಲೆಗಳಡಿಯ ನೆರಳಿನಲ್ಲಿ ಕೆಂಪು ಕಡಿಮೆ, ದೂರಗೆಂಪು ಹೆಚ್ಚು. ಅಂಥಲ್ಲಿ ಮೊಳೆತರೆ ಬದುಕುವ ಭರವಸೆಯಿಲ್ಲ. ದಪ್ಪ ಬೀಜ ಕತ್ತಲಿನಲ್ಲಿ ಸಾಲ ತೆಗೆದಂತೆ ಬೆಳೆಯಬಲ್ಲದು. ಉಣಿಸಿನ ಗಂಟೇ ಇಲ್ಲದ ಪುಟ್ಟ ಬೀಜ ಬೆಳಕಿನ ಭರವಸೆ ಸಿಕ್ಕದೆ ಹೆಜ್ಜೆಯಿಡದು. ತೂಕಕ್ಕೂ ಬೆಳಕಿಗೂ ಇರುವ ಸಂಬಂಧ ಇಲ್ಲಿಯೂ ಇದೆ.

ಇಷ್ಟನ್ನೆಲ್ಲ ನಾವು ಹೇಳಿದುದು ಪಠ್ಯಪುಸ್ತಕಗಳನ್ನು ನಿಂದಿಸುವುದಕ್ಕಲ್ಲ. ಚಿಕ್ಕ ವಾಕ್ಯಗಳಲ್ಲಿ ದೊಡ್ಡ ವಿಷಯವನ್ನು ಹೇಳಬೇಕಾದವರಿಗೆ ಕೆಲವನ್ನು ಬಿಡದೆ ಗತ್ಯಂತರವಿಲ್ಲ. ನಮ್ಮ ಆಕ್ಷೇಪ ಇರುವುದು ಪ್ರಯೋಗದ ರೆಕಾರ್ಡು ಪುಸ್ತಕವನ್ನು ತಿದ್ದುವ ಪದ್ಧತಿಯ ಮೇಲೆ. ಅಲ್ಲಿ ಫಲ ‘ಸರಿ’ ಬಂದರೆ ಅಂಕ ಸಿಗುತ್ತದೆ, ‘ತಪ್ಪು’ ಬಂದರೆ ಸಿಗುವುದಿಲ್ಲ. ಹದಿನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಸ್ಪಷ್ಟವಾಗಿ, ತೂಗುವ ಶ್ರಮ ವ್ಯರ್ಥವೆಂದು ಇನ್ನು ಹೇಗೆ ಹೇಳಬೇಕು? ತಕ್ಕಡಿಯ ಮಾತು ಪುಸ್ತಕದ ಮಾತಿಗೆ ವಿರುದ್ಧವಾದಾಗ ತಕ್ಕಡಿಯನ್ನು ಸುಮ್ಮನಾಗಿಸಬೇಕೆಂದು ಕಲಿತ ಹುಡುಗರು ಮುಂದೆ ಔಷಧದ ಕಾರ್ಖಾನೆಗಳಲ್ಲಿಯೂ ನೀರು ಪರೀಕ್ಷಿಸುವ ಕಚೇರಿಗಳಲ್ಲಿಯೂ ಕುಳಿತುಕೊಳ್ಳುತ್ತಾರೆ. ಆಗ ಅವರು ತಿದ್ದುವ ಅಂಕಿಗಳು ಹೆಸರುಕಾಳಿನವಾಗಿರುವುದಿಲ್ಲ.

ಉಪಾಧ್ಯಾಯರು ಇದಕ್ಕೆ ಕೊಡುವ ಉತ್ತರ ನಮಗೆ ಗೊತ್ತಿದೆ. ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ತರಗತಿಯಲ್ಲಿ ಅರುವತ್ತು ಮಕ್ಕಳು, ಕೈಯಲ್ಲಿ ನಲವತ್ತು ನಿಮಿಷ, ಒಣಗಿಸುವ ಒಲೆಯಿಲ್ಲ, ಇರುವ ಒಂದು ತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ. ಹೊರಗಿನಿಂದ ಬರುವ ಪರೀಕ್ಷಕರು ಕೇಳುವುದು ಪುಸ್ತಕದ ಉತ್ತರವನ್ನೇ. ಇದೆಲ್ಲ ನಿಜ. ಆದರೂ ನಾವು ಕೇಳುತ್ತಿರುವುದಕ್ಕೆ ಹೊಸ ಉಪಕರಣವೇನೂ ಬೇಕಾಗಿಲ್ಲ. ರೆಕಾರ್ಡು ಪುಸ್ತಕದ ಹತ್ತು ಅಂಕಗಳಲ್ಲಿ ಫಲಕ್ಕೆ ಎರಡು ಸಾಕು. ಉಳಿದ ಎಂಟನ್ನು, ಕಂಡುದನ್ನು ಕಂಡಂತೆ ಬರೆದುದಕ್ಕೂ, ಬಂದ ಫಲಕ್ಕೂ ನಿರೀಕ್ಷಿಸಿದ ಫಲಕ್ಕೂ ಹೊಂದಿಕೆಯಾಗದಿದ್ದರೆ ಕಾರಣವೇನಿರಬಹುದೆಂದು ಎರಡು ಸಾಲು ಊಹಿಸಿದುದಕ್ಕೂ ಇಡಬೇಕು. ‘ಕತ್ತಲಿನ ಕಾಳು ಹೆಚ್ಚು ತೂಗಿತು, ಬಹುಶಃ ಅದರಲ್ಲಿ ನೀರು ಹೆಚ್ಚಿದ್ದೀತು’ ಎಂದು ಬರೆದ ವಿದ್ಯಾರ್ಥಿನಿಗೆ ಹತ್ತಕ್ಕೆ ಎಂಟು ಕೊಡಲು ಯಾವ ಉಪಾಧ್ಯಾಯರೂ ಹಿಂಜರಿಯಬೇಕಾಗಿಲ್ಲ. ಅಂಕಿಗಳನ್ನು ತಿದ್ದಿ ‘ಸರಿಯಾದ’ ಫಲವನ್ನು ಬರೆದವಳಿಗೆ ಎರಡೇ ಎರಡು.

ಮನೆಯಲ್ಲಿ ಈ ಪ್ರಯೋಗವನ್ನು ಮಾಡಲಿಚ್ಛಿಸುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಹೆಸರಿನ ಬೀಜದಳಗಳು ಬೇಗ ಬತ್ತಿ ಉದುರಿಹೋಗುವುದರಿಂದ ಅದಕ್ಕಿಂತ ಮುಸುಕಿನ ಜೋಳ ಮೇಲು. ಮಣ್ಣು ಬೇರಿಗೆ ಅಂಟಿಕೊಂಡು ಲೆಕ್ಕ ಕೆಡಿಸುತ್ತದೆ. ಚೆನ್ನಾಗಿ ತೊಳೆದ ಮರಳನ್ನು ಬಳಸಬೇಕು. ಕಾಳನ್ನು ದಿನವೂ ನೀರು ಬದಲಾಯಿಸಿ ತೊಳೆಯುತ್ತಿದ್ದರೆ ಅದರ ಶರ್ಕರವೂ ಲವಣಗಳೂ ನೀರಿನೊಡನೆ ಹೋಗುತ್ತವೆ, ಆ ನಷ್ಟವನ್ನು ಉಸಿರಾಟದ ಲೆಕ್ಕಕ್ಕೆ ಬರೆದುಬಿಡುವ ಅಪಾಯವಿದೆ. ಆದುದರಿಂದ ಮಿತವಾಗಿ ನೀರು ಚಿಮುಕಿಸಿದರೆ ಸಾಕು. ಬೂಷ್ಟು ಹಿಡಿದ ಕಾಳನ್ನು ತೆಗೆದುಹಾಕಿದರೆ, ಎಷ್ಟು ತೆಗೆದೆವೆಂಬುದನ್ನು ಬರೆದಿಡಬೇಕು. ಬೆಳಕಿನ ಪಾಲನ್ನು ಕಿಟಕಿಯ ಒಳಗಲ್ಲ, ಅಂಗಳದ ಬಿಸಿಲಿನಲ್ಲಿಯೇ ಇಟ್ಟು, ಮೂರು ವಾರ ಕಾಯಬೇಕು. ಒಲೆಯಿಲ್ಲದವರು ಮೂರು ಪಾಲುಗಳನ್ನೂ ಒಂದೇ ತಟ್ಟೆಯಲ್ಲಿ, ಒಂದೇ ಬಿಸಿಲಿನಲ್ಲಿ, ತೂಕ ನಿಲ್ಲುವ ತನಕ ಒಣಗಿಸಬಹುದು. ಮೊಳೆಸದ ಪಾಲನ್ನು ಅಲ್ಲಿಯ ತನಕ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟಿರಬೇಕು. ಬಿಸಿಲಿನಲ್ಲಿ ನೀರು ಪೂರ್ತಿಯಾಗಿ ಹೋಗದಿದ್ದರೂ ಮೂರರಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉಳಿಯುವುದರಿಂದ ಹೋಲಿಕೆಗೆ ಅಷ್ಟು ತೊಂದರೆಯಾಗದು. ತೂಕಕ್ಕೆ ಊರಿನ ಚಿನ್ನದ ಅಂಗಡಿಯವರ ತಕ್ಕಡಿಯನ್ನು ಕೇಳಿ ನೋಡಬಹುದು. ಜೋಳದ ಸಸಿ ತೂಗಿಕೊಡಿರೆಂದರೆ ಅವರು ಮೊದಲು ನಗುವರು, ಆಮೇಲೆ ಫಲವೇನಾಯಿತೆಂದು ಅವರೇ ಕೇಳುವರು.

ಆ ಪ್ರದರ್ಶನದ ಮೇಜಿನ ಬಳಿಯಿಂದ ಹೊರಡುವ ಮುಂಚೆ, ಮೊದಲು ಬರೆದುಕೊಂಡಿದ್ದ ಅಂಕಿಗಳು ಉಳಿದಿವೆಯೇ ಎಂದು ನಾವು ಆ ಹುಡುಗಿಯನ್ನು ಕೇಳಿದೆವು. ಅವಳು ನೋಟುಪುಸ್ತಕದ ಕೊನೆಯ ಹಾಳೆಯನ್ನು ತೆರೆದು ತೋರಿಸಿದಳು. ಪೆನ್ಸಿಲ್ಲಿನಿಂದ ಬರೆದ ಎರಡು ಸಾಲು ಅಂಕಿಗಳಿದ್ದುವು; ಅಳಿಸಿರಲಿಲ್ಲ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ‘ಕತ್ತಲಿನ ಬಟ್ಟಲಿನ ಬಟ್ಟೆ ಇನ್ನೂ ಒದ್ದೆ ಇತ್ತು’ ಎಂದು ಬರೆದುಕೊಂಡಿದ್ದಳು. ಎರಡು ಬಟ್ಟಲನ್ನೂ ಸಂಜೆ ಖಾಲಿ ಮಾಡದೆ, ಮನೆಗೆ ಒಯ್ದು ತಾರಸಿಯ ಮೇಲೆ ಒಣಗಿಸಿ ಮತ್ತೊಮ್ಮೆ ತೂಗುವಂತೆ ಹೇಳಿ ಬಂದೆವು.